ನಾನು ‘ಏಳು’ ಎಂದ ಬೇಸಿಗೆ

ಬೇಸಿಗೆ ಶಿಬಿರ ನಡೆಸುವುದು ಹೇಗೆಂದು ಕೇಳಿಕೊಂಡು ಬರುವ ಹೊಸ ಮಾಸ್ತರರಿಗೆ ನಾನು ಮೊದಲು ಹೇಳುವುದು ನೀರಿನ ವಿಷಯ. ಸೀಟಿ ಆಮೇಲೆ, ನಿಯಮದ ಪುಸ್ತಕ ಇನ್ನೂ ಆಮೇಲೆ. ಮಕ್ಕಳು ಬರುವ ಮುಂಚೆ ಖೋಖೋ ಮೈದಾನಕ್ಕೆ ನೀರು ಹೊಡೆದಿರಬೇಕು. ಹೆಚ್ಚಾದರೆ ಜಾರುತ್ತದೆ, ಕಡಿಮೆಯಾದರೆ ಧೂಳೆಲ್ಲ ಮಕ್ಕಳ ಗಂಟಲಿಗೆ. ಎಪ್ಪತ್ತರ ದಶಕದಲ್ಲಿ ಮುಂಬೈ ಪಕ್ಕದ ಡೊಂಬಿವಲಿಯ ನಮ್ಮ ಕ್ರೀಡಾ ಮಂಡಳದ ಮೈದಾನಕ್ಕೆ ನಲ್ಲಿ ಇರಲಿಲ್ಲ. ಪಕ್ಕದ ಚಾಳಿನ, ಅಂದರೆ ವಠಾರದ, ಬಾವಿಯಿಂದ ಸೇದಿ, ತಳಕ್ಕೆ ಮೊಳೆಯಿಂದ ತೂತು ಹೊಡೆದ ಎಣ್ಣೆ ಡಬ್ಬದಲ್ಲಿ ತುಂಬಿಕೊಂಡು, ಉದ್ದಕ್ಕೂ ಅಡ್ಡಕ್ಕೂ ನಡೆಯುತ್ತಿದ್ದೆ. ಆಗಷ್ಟೇ ಬೆಳಕು ಹರಿಯುತ್ತಿರುತ್ತಿತ್ತು. ದೂರದಲ್ಲಿ ಕಲ್ಯಾಣದ ಕಡೆಯಿಂದ ಲೋಕಲ್ ರೈಲು ಬರುವ ಸದ್ದು. ಎಲ್ಲೋ ಸ್ಟವ್ ಉರಿಯುವ ಭರ್ ಎಂಬ ಶಬ್ದ. ಒದ್ದೆ ಮಣ್ಣಿನ ವಾಸನೆ ಮೇಲೇಳುವಾಗ ನಾನು ಡೊಂಬಿವಲಿಯಲ್ಲಿದ್ದೇನೋ ಕುಂದಾಪುರದ ನಮ್ಮ ಶಾಲೆಯ ಹಿತ್ತಲಲ್ಲಿದ್ದೇನೋ ಎಂದು ಒಂದು ಗಳಿಗೆ ಗೊತ್ತಾಗುತ್ತಿರಲಿಲ್ಲ. ಈಗಲೂ ಬೆಳಗಿನ ಜಾವ ಅರೆಎಚ್ಚರದಲ್ಲಿ ಆ ವಾಸನೆ ಬರುತ್ತದೆ. ಎದ್ದು ಕೂತು ಡಬ್ಬ ಎಲ್ಲಿ ಎಂದು ಹುಡುಕುತ್ತೇನೆ. ಮೊಮ್ಮಗಳು ನಗುತ್ತಾಳೆ.

ನಾನು ಈ ಕೆಲಸಕ್ಕೆ ಬಂದದ್ದು ಆಸೆಪಟ್ಟು ಅಲ್ಲ, ಸಿಕ್ಕಿಬಿದ್ದು. ಹೈಸ್ಕೂಲಿನಲ್ಲಿ ಖೋಖೋ ಆಡಿದ್ದೆ, ಅಷ್ಟೆ. ಮದುವೆಯಾಗಿ ಡೊಂಬಿವಲಿಗೆ ಬಂದೆ, ಗಂಡನಿಗೆ ಮುಂಬೈಯಲ್ಲಿ ಗುಮಾಸ್ತಿಕೆ. ಕ್ರೀಡಾ ಮಂಡಳದವರಿಗೆ ಹುಡುಗಿಯರ ಶಿಬಿರ ಮಾಡಬೇಕಿತ್ತು. ಗಂಡಸರು ಕಲಿಸುವುದಾದರೆ ಕಳಿಸುವುದಿಲ್ಲವೆಂದು ತಾಯಂದಿರು ಪಟ್ಟು ಹಿಡಿದಿದ್ದರು. ಪಕ್ಕದ ಮನೆಯಾಕೆ ಮಂಡಳದ ಕಾರ್ಯದರ್ಶಿಗೆ ನನ್ನ ಹೆಸರು ಹೇಳಿಬಿಟ್ಟಳು. ಎಲ್ಲರೂ ಅವರನ್ನು ನಾನಾ ಎನ್ನುತ್ತಿದ್ದರು. ರೈಲ್ವೆಯಲ್ಲಿ ಕೆಲಸ, ಬಿಳಿ ಪ್ಯಾಂಟು, ಬಿಳಿ ಶರ್ಟು, ಮೀಸೆ ಮಾತ್ರ ಕಪ್ಪು. ನನ್ನನ್ನು ಮೇಲಿಂದ ಕೆಳಗೆ ನೋಡಿ, ಓಡಿ ತೋರಿಸಿ ಎಂದರು. ಸೀರೆಯಲ್ಲಿ! ನನಗೂ ಸಿಟ್ಟು ಬಂತು. ಸೆರಗು ಸೊಂಟಕ್ಕೆ ಸಿಕ್ಕಿಸಿ, ನೆರಿಗೆ ಎತ್ತಿ ಕಚ್ಚೆ ಹಾಕಿ, ಆ ಕಂಬದಿಂದ ಈ ಕಂಬಕ್ಕೆ ಹಾವಿನ ಹಾಗೆ ಬಳುಕಿ ಓಡಿ ಬಂದೆ. ನಾನಾ ಮೀಸೆ ಸವರಿಕೊಂಡು "ಠೀಕ್ ಆಹೆ" ಎಂದರು. ಆಮೇಲೆ ಒಂದೇ ಷರತ್ತು ಹಾಕಿದರು. ಮೈದಾನದಲ್ಲಿ ಮರಾಠಿ ಮಾತ್ರ. ಹತ್ತು ಮನೆಯ ಮಕ್ಕಳು ಬರುತ್ತಾರೆ, ಅವರವರು ಅವರವರ ಭಾಷೆಯಲ್ಲಿ ಗುಸುಗುಸು ಶುರು ಮಾಡಿದರೆ ತಂಡ ಹೋಗಿ ಗುಂಪುಗಳಾಗುತ್ತವೆ ಎಂಬುದು ಅವರ ವಾದ. ವಾದ ಸರಿಯಾಗಿಯೇ ಇತ್ತು. ನಾನು ಒಪ್ಪಿದೆ.

ಒಪ್ಪಿದ್ದೇನೋ ಹೌದು, ನನ್ನ ಮರಾಠಿ ಆಗ ತರಕಾರಿ ಕೊಳ್ಳುವಷ್ಟು ಮಾತ್ರ. ಮೊದಲ ದಿನವೇ ಫಜೀತಿ. ಸುಲಭಾ ಎಂಬ ಹುಡುಗಿ ಇನ್ನೊಬ್ಬಳ ಬೆನ್ನು ಹತ್ತಿದ್ದಳು. ಇನ್ನೇನು ಮುಟ್ಟಬೇಕು, ನನ್ನ ಬಾಯಿಂದ ತಾಯಿಭಾಷೆ ಹಾರಿಬಂತು. "ಓಡು! ಓಡು! ಓಡು!" ಮರಾಠಿಯಲ್ಲಿ ‘ಓಢ್’ ಎಂದರೆ ಎಳೆ ಎಂದರ್ಥ. ಟೀಚರ್ ಹೇಳಿದ್ದಾರೆ, ಸುಲಭಾ ಬಿಡುತ್ತಾಳೆಯೇ? ಎದುರಿನವಳ ಲಂಗ ಹಿಡಿದು ಜಗ್ಗಿಯೇ ಬಿಟ್ಟಳು. ಲಾಡಿ ಕಿತ್ತುಬಂತು. ಆ ಹುಡುಗಿ ಲಂಗ ಹಿಡಿದುಕೊಂಡು ಅಳುತ್ತಾ ಮನೆಗೆ ಓಡಿದಳು, ಸಂಜೆ ಅವಳ ಅಜ್ಜಿ ನನ್ನ ಜನ್ಮ ಜಾಲಾಡಿದರು. ಎಂಥ ಸಾವು ಮಾರಾಯ್ರೆ! ಆದರೆ ಅದರಿಂದ ಒಂದು ಒಳ್ಳೆಯದೂ ಆಯಿತು. ಲಂಗ ಬಿಟ್ಟು ಚಡ್ಡಿ ಹಾಕಿಸುವುದಕ್ಕೆ ತಾಯಂದಿರು ಒಪ್ಪಿದರು, ಮೊಣಕಾಲು ಮುಚ್ಚುವಷ್ಟು ಉದ್ದದ್ದು.

ಶಿಬಿರಗಳು ಒಂದರ ಹಿಂದೆ ಒಂದು ನೆನಪಾಗುತ್ತವೆ, ಯಾವುದು ಮೊದಲು ಯಾವುದು ಆಮೇಲೆ ಎಂಬುದು ಕಲಸಿಹೋಗುತ್ತದೆ. ಎಂಬತ್ತರ ದಶಕದಲ್ಲಿ ಮುಂಬೈ ಪಕ್ಕದ ಇನ್ನೊಂದು ಊರು ಕೋಪರಖೈರಣೆಯಲ್ಲಿ ಒಂದು ಮಾಡಿದೆ. ಆಗ ಅಲ್ಲಿ ಕಟ್ಟಡಗಳು ಮೊಳಕೆಯೊಡೆಯುತ್ತಿದ್ದವು, ಉಳಿದದ್ದೆಲ್ಲ ಖಾಡಿಯ, ಅಂದರೆ ಸಮುದ್ರದ ಹಿನ್ನೀರಿನ, ಕಡೆಗೆ ಚಾಚಿಕೊಂಡ ಬಯಲು. ಮೊದಲ ದಿನ ಸುಣ್ಣದ ಗೆರೆ ಹಾಕಿ ನಿಂತು ನೋಡಿದರೆ ಗೆರೆಯೇ ಕಾಣದು. ನೆಲವೇ ಉಪ್ಪಿನಿಂದ ಬೆಳ್ಳಗಿತ್ತು. ಕೊನೆಗೆ ಕಟ್ಟಡದವರಿಂದ ಇಟ್ಟಿಗೆ ಪುಡಿ ಬೇಡಿ ತಂದು ಕೆಂಪು ಗೆರೆ ಎಳೆದೆವು. ಸಮುದ್ರಕ್ಕೆ ಭರತ ಬಂದ ದಿನ ಕಂಬಗಳು ಮೆಲ್ಲಗೆ ವಾಲುತ್ತಿದ್ದವು. ಬಿಳಿ ನೆಲ, ಕೆಂಪು ಗೆರೆ, ಓರೆ ಕಂಬ, ಸಮುದ್ರದ ಗಾಳಿಗೆ ಜಡೆ ಹಾರಿಸಿಕೊಂಡು ಸುತ್ತುವ ಹುಡುಗಿಯರು. ಯಾರಿಗಾದರೂ ಹೇಳಿದರೆ ಕನಸು ಬಿದ್ದಿರಬೇಕು ಎನ್ನುತ್ತಾರೆ. ಈಗ ಎಲ್ಲ ಮ್ಯಾಟಿನ ಮೇಲೆ, ಬೂಟು ಹಾಕಿಕೊಂಡು ಆಡುತ್ತಾರೆ. ಮೊಣಕಾಲು ತರಚುವುದಿಲ್ಲ, ಒಳ್ಳೆಯದೇ. ನಾನೇನು ಹಳೆಯದೇ ಚಿನ್ನ ಎನ್ನುವವಳಲ್ಲ.

ಆದರೆ ನಿಮಗೆ ನಿಜವಾಗಿ ಹೇಳಬೇಕಾದದ್ದು ಡೊಂಬಿವಲಿಯ ಮೊದಲ ವರ್ಷಗಳಲ್ಲಿ ಬಂದ ಕಸ್ತೂರಿಯ ಬೇಸಿಗೆ. ಇದನ್ನು ನಾನು ಸನ್ಮಾನ ಸಭೆಗಳಲ್ಲಿ ಹೇಳಿಲ್ಲ. ಅಲ್ಲಿ ಗೆದ್ದ ಕಪ್ಪುಗಳ ಮಾತು ಸಾಕಾಗುತ್ತದೆ.

ಕಸ್ತೂರಿಗೆ ಹದಿಮೂರು. ವಿಜಯಪುರದ ಕಡೆಯವರು. ಅಪ್ಪ ಮಲ್ಲಪ್ಪ ಡೊಂಬಿವಲಿಯ ಬಣ್ಣದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು, ಎಷ್ಟು ಉಜ್ಜಿದರೂ ಅಂಗೈ ಗೆರೆಗಳಲ್ಲಿ ನೀಲಿ ಉಳಿದಿರುತ್ತಿತ್ತು. ಹುಡುಗಿಗೆ ಹಗಲುಗನಸಿನ ರೋಗ. ಖೋಖೋದಲ್ಲಿ ಎಂಟು ಮಂದಿ ಸಾಲಾಗಿ ಚೌಕಗಳಲ್ಲಿ ಕೂರುತ್ತಾರಲ್ಲ, ಅಲ್ಲಿ ಕೂತಾಗ ಅವಳ ಕಣ್ಣು ಮೋಡದ ಮೇಲೋ ಲೋಕಲಿನ ಕಿಟಕಿಗಳ ಮೇಲೋ ಇರುತ್ತಿತ್ತು. "ಏಯ್ ಕಸ್ತೂರಿ, ಎಲ್ಲಿದ್ದೀ ಮಾರಾಯ್ತಿ?" ಎಂದರೆ "ಇಲ್ಲೇ ಅದೀನ್ರಿ ಟೀಚರ್" ಎನ್ನುವಳು, ನನ್ನ ಹಾಗೆಯೇ ಮರಾಠಿ ಮರೆತು. ಆದರೆ ಹಿಂದಿನಿಂದ ಬೆನ್ನು ತಟ್ಟಿ ಖೋ ಎಂದದ್ದೇ ತಡ, ಕಾದ ಎಣ್ಣೆಗೆ ಬಿದ್ದ ಸಾಸಿವೆಯ ಹಾಗೆ ಸಿಡಿಯುತ್ತಿದ್ದಳು. ಅಂಥ ಏಳುವಿಕೆಯನ್ನು ನಾನು ಆಮೇಲೆ ಬೇರೆ ಯಾರಲ್ಲೂ ನೋಡಲಿಲ್ಲ.

ಶಿಬಿರ ಅರ್ಧ ಕಳೆದಿತ್ತು. ಒಂದು ಬೆಳಿಗ್ಗೆ ಮಲ್ಲಪ್ಪ ಮಗಳ ಜೊತೆಗೇ ಬಂದರು.

"ಟೀಚರ, ಕಸ್ತೂರಿ ದೊಡ್ಡಾಕಿ ಆಗ್ಯಾಳ್ರಿ. ಈ ಚಡ್ಡಿ ಹಾಕ್ಕೊಂಡು ಓಡೂದು ಇನ್ನ ಸಾಕು. ಮಳಿಗಾಲಕ್ಕ ಊರಿಗಿ ಕಳಸ್ತೀನಿ, ಅವರಜ್ಜಿ ಹಂತ್ಯಾಕ. ಸ್ವಾದರಮಾವ ಅದಾನ. ಮುಂದಿಂದು ಅವರು ನೋಡ್ಕೋತಾರ."

"ಹದಿಮೂರು ವರ್ಷ ಅಷ್ಟೆ ಅಲ್ವಾ ಮಲ್ಲಪ್ಪ! ಶಾಲೆ?"

"ಆರನೇತ್ತ ತನಕ ಕಲ್ತಾಳಲ್ರಿ."

ಕಸ್ತೂರಿ ಅಪ್ಪನ ಹಿಂದೆ ನಿಂತು ಹೆಬ್ಬೆರಳಿನಿಂದ ಒದ್ದೆ ಮಣ್ಣು ಕೆದಕುತ್ತಿದ್ದಳು. ಬೈದರೆ ಕೆಲಸ ಕೆಡುತ್ತದೆಂದು ಗೊತ್ತಿತ್ತು. ಆದ್ದರಿಂದ, "ಒಂದೇ ಒಂದು ಮ್ಯಾಚ್ ನೋಡಿ. ಈ ತಿಂಗಳ ಕೊನೆಗೆ ಠಾಣೆ ಊರಿನ ವರ್ತಕ ನಗರದ ಹುಡುಗಿಯರು ಆಡ್ಲಿಕ್ಕೆ ಬರ್ತಾರೆ. ನಿಮ್ಮ ಮಗಳು ಎಂಥವಳು ಅಂತ ಕಣ್ಣಾರೆ ನೋಡಿ, ಆಮೇಲೆ ನಿಮ್ಮ ಇಷ್ಟ" ಎಂದೆ.

ಅವರು ಮಗಳ ಕಡೆ ಒಮ್ಮೆ ನೋಡಿದರು. "ಆತ್ರಿ. ನೋಡ್ತೀನಿ. ನೋಡಿ ಹೇಳ್ತೀನಿ" ಎಂದು ಹೋದರು.

ಅವರು ಅತ್ತ ಹೋದ ಮೇಲೆ ಕಸ್ತೂರಿ ನನ್ನ ಸೆರಗು ಹಿಡಿದಳು. "ನಾ ಊರಿಗಿ ಹೋಗಂಗಿಲ್ಲ ಟೀಚರ್. ಇಲ್ಲೇ ಸಾಲಿಗಿ ಹೋಗ್ತೀನಿ, ಇಲ್ಲೇ ಆಡ್ತೀನಿ." ಅವಳಿಗೆ ಬೇಕಾದದ್ದು ಅಷ್ಟೇ. ನೋಡೋಣ ಎಂದು ತಲೆ ಸವರಿದೆ.

ವರ್ತಕ ನಗರದ ಮಾಸ್ತರು ಭಾರಿ ಚುರುಕು. ನಾನು ಗೆರೆಯಾಚೆಯಿಂದ ಮರಾಠಿಯಲ್ಲಿ "ಐದಕ್ಕೆ ಖೋ ಕೊಡು" ಎಂದರೆ ಸಾಕು, ಅವರ ಹುಡುಗಿಯರು ಐದನೇ ಚೌಕ ಬಿಟ್ಟು ಹಾರಿಬಿಡುತ್ತಿದ್ದರು. ಹಿಂದಿನ ವರ್ಷ ಹಾಗೇ ಸೋತಿದ್ದೆವು. ಈ ಸಲ ನನಗೊಂದು ಉಪಾಯ ಹೊಳೆಯಿತು. ಚೌಕದ ನಂಬರು ಕನ್ನಡದಲ್ಲಿ ಹೇಳಿದರೆ? ನಾನಾ ಅವರ ಷರತ್ತು ನೆನಪಿತ್ತು. ಅಂಕಿಗೆ ಎಂಥ ಭಾಷೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನಾನಾ ಇಲ್ಲದ ಬೆಳಿಗ್ಗೆಗಳಲ್ಲಿ ಸುಲಭಾ, ಅವಳ ಗೆಳತಿಯರು ಎಲ್ಲರೂ ಒಂದು ಎರಡು ಮೂರು ಕಲಿತರು. ತಂಡದಲ್ಲಿ ಕನ್ನಡದ ಮನೆಯವಳು ಕಸ್ತೂರಿ ಒಬ್ಬಳೇ. ಅವಳೇ ಉಳಿದವರಿಗೆ ಉಚ್ಚಾರ ತಿದ್ದಿದಳು. ನಾನು "ಮೂರಕ್ಕೆ", "ಆರಕ್ಕೆ", "ಏಳಕ್ಕೆ" ಎಂದು ನಿಧಾನವಾಗಿ ಹೇಳುತ್ತಿದ್ದೆ, ಓಡುವವಳು ಅಲ್ಲಿ ಕೂತವಳ ಬೆನ್ನು ತಟ್ಟಿ ಖೋ ಕೊಡುತ್ತಿದ್ದಳು. ಒಂದು ದಿನವೂ ತಪ್ಪಲಿಲ್ಲ. ನನ್ನ ಬುದ್ಧಿಗೆ ನಾನೇ ಮೆಚ್ಚಿ ಮನೆಗೆ ಹೋಗುವಾಗ ಒಬ್ಬಳೇ ನಗುತ್ತಿದ್ದೆ.

ಮ್ಯಾಚು ಭಾನುವಾರ ಬೆಳಿಗ್ಗೆ. ಹಗ್ಗದ ಸುತ್ತ ನೂರು ಜನ. ಮಲ್ಲಪ್ಪ ಇಸ್ತ್ರಿ ಮಾಡಿದ ಶರ್ಟು ತೊಟ್ಟು ಬಂದು ಕಂಬದ ಹತ್ತಿರ ನಿಂತರು. ಕಸ್ತೂರಿ ಆ ದಿನ ಮೋಡ ನೋಡಲಿಲ್ಲ. ಮೊದಲ ಸರದಿಯಲ್ಲೇ ಇಬ್ಬರನ್ನು ಮುಟ್ಟಿದಳು. ಎರಡನೆಯವಳನ್ನು ಕಂಬದ ಬುಡಕ್ಕೆ ಹಾರಿ ಮುಟ್ಟಿದಾಗ ಜನ ಸೀಟಿ ಹೊಡೆದರು. ಮಲ್ಲಪ್ಪ ಪಕ್ಕದವರಿಗೆ ಏನೋ ಹೇಳುತ್ತಿದ್ದರು, ಬಹುಶಃ ನನ್ನ ಮಗಳು ಎಂದಿರಬೇಕು. ಆಗ ನಾನು ಗೆದ್ದೆ ಎಂದುಕೊಂಡೆ. ಹುಡುಗಿ ಉಳಿದಳು ಎಂದುಕೊಂಡೆ.

ಕೊನೆಯ ನಿಮಿಷ. ಅವರ ಒಬ್ಬಳೇ ಒಬ್ಬಳು ಉಳಿದಿದ್ದಾಳೆ, ಅವಳನ್ನು ಮುಟ್ಟಿದರೆ ನಮ್ಮ ಗೆಲುವು. ಬೆನ್ನು ಹತ್ತಿದವಳು ಸುಲಭಾ. ಕಸ್ತೂರಿ ನಾಲ್ಕನೇ ಚೌಕದಲ್ಲಿ ಕೂತಿದ್ದಾಳೆ. ಎದುರಾಳಿ ಹುಡುಗಿ ಏಳನೇ ಚೌಕದ ಮುಂದೆಯೇ ಮುಗ್ಗರಿಸಿದಳು. ಏಳಕ್ಕೆ ಖೋ ಬಿದ್ದರೆ ಮುಗಿಯಿತು! ‘ಏಳಕ್ಕೆ’ ಎನ್ನುವಷ್ಟು ಪುರುಸೊತ್ತು ಯಾರಿಗಿತ್ತು? ಇದ್ದ ಶಕ್ತಿಯನ್ನೆಲ್ಲ ಸೇರಿಸಿ ಕೂಗಿದೆ.

"ಏಳು! ಏಳು! ಏಳು!"

ಕಸ್ತೂರಿ ಎದ್ದಳು.

ಖೋ ಸಿಗದೆ ಏಳುವುದು ತಪ್ಪು. ಅಂಪೈರ್ ಸೀಟಿ ಊದಿ ಫೌಲ್ ಎಂದರು. ನಿಯಮದಂತೆ ಸುಲಭಾ ಬಂದ ದಾರಿಯಲ್ಲೇ ಹಿಂದಿರುಗಿ ಓಡಬೇಕಾಯಿತು. ಅಷ್ಟರಲ್ಲಿ ಆ ಹುಡುಗಿ ಎದ್ದು ಎಲ್ಲಿಗೋ ತಲುಪಿದ್ದಳು, ಹೊತ್ತು ಮುಗಿಯಿತು. ಸೋತೆವು.

ನಾನಾ ದಾಪುಗಾಲು ಹಾಕಿಕೊಂಡು ಬಂದರು. ಯಾರು ಎದ್ದದ್ದು, ಯಾಕೆ ಎದ್ದದ್ದು ಎಂದು ಮರಾಠಿಯಲ್ಲಿ ಗುಡುಗಿದರು. ಆಮೇಲೆ ನನ್ನ ಕಡೆ ತಿರುಗಿ, "ಬಾಈ, ತುಮ್ಹೀ ಕಾಯ ಓರಡಲಾತ?" ನೀವು ಏನು ಕೂಗಿದಿರಿ ಎಂದು.

ಆಗಲೇ ನನಗೆ ಹೊಳೆದಿತ್ತು. ಕಸ್ತೂರಿಯ ಮುಖ ನೋಡಿದ ಕೂಡಲೇ ಹೊಳೆದಿತ್ತು. ಆದರೆ ಸುತ್ತ ನೂರು ಜನ, ಎದುರಿಗೆ ನಾನಾ, ಮುರಿದ ಷರತ್ತು, ಮಂಡಳದ ಮೊದಲ ಹೆಂಗಸು ಟೀಚರ್ ಎಂಬ ಹೆಮ್ಮೆ ಬೇರೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾನು ಹಾಗಲ್ಲ, ನೆಲಕ್ಕಿಂತ ಸುಲಭವಾದದ್ದನ್ನು ಹಿಡಿದೆ. ಏನೂ ಇಲ್ಲ, ಸುಮ್ಮನೆ ಹುರಿದುಂಬಿಸಿದೆ ಎಂದೆ. ಎಲ್ಲರಿಗೂ ಕೇಳುವ ಹಾಗೆ ಮರಾಠಿಯಲ್ಲೇ ಕಸ್ತೂರಿಗೆ, ಮತ್ತೆ ಕನಸು ಕಾಣುತ್ತಾ ಕೂತಿದ್ದೆಯಾ ಎಂದು ಗದರಿಸಿದೆ.

ಅವಳು ನನ್ನನ್ನೇ ನೋಡಿದಳು. "ಚುಕಲಂ ಟೀಚರ್" ಎಂದಳು. ತಪ್ಪಾಯಿತು ಎಂದು.

ಮಲ್ಲಪ್ಪ ಹಗ್ಗ ದಾಟಿ ಬಂದು ಮಗಳ ಕೈ ಹಿಡಿದುಕೊಂಡರು. "ಬರ್ತೀವ್ರಿ" ಎಂದರು, ಅಷ್ಟೆ.

ಅವಳು ಸೋಮವಾರ ಬರಲಿಲ್ಲ, ಮಂಗಳವಾರವೂ ಇಲ್ಲ. ಆ ಎರಡು ದಿನ ನಾನು ಮೈದಾನಕ್ಕೆ ಹೆಚ್ಚು ನೀರು ಹೊಡೆದು ಮಕ್ಕಳೆಲ್ಲ ಜಾರಿಬಿದ್ದರು. ಬುಧವಾರ ಸಂಜೆ ಅವರ ಚಾಳಿಗೆ ಹೋದೆ. ಒಂದೇ ಕೋಣೆ. ಕಸ್ತೂರಿ ಟ್ರಂಕಿಗೆ ಬಟ್ಟೆ ಮಡಚಿ ಇಡುತ್ತಿದ್ದಳು. ಅವಳ ತಾಯಿ ಚಹಾ ಇಟ್ಟರು. ಮಲ್ಲಪ್ಪ ಚಾಪೆಯ ಮೇಲೆ ಕೂತು ನನಗೆ ಸ್ಟೂಲು ಕೊಟ್ಟರು.

"ಮ್ಯಾಚ್ ಸೋತದ್ದಕ್ಕೆ ಹುಡುಗಿಯನ್ನು ಕಳಿಸ್ಬೇಡಿ" ಎಂದು ಶುರು ಮಾಡಿದೆ.

"ಸೋತದ್ದಕ್ಕ ಯಾರ ಸಿಟ್ಟಾಗ್ಯಾರ್ರಿ? ಆಟ ಅಂದ ಮ್ಯಾಲ ಸೋಲು ಇರ್ತದ." ಮಲ್ಲಪ್ಪ ತಮ್ಮ ನೀಲಿ ಅಂಗೈ ನೋಡಿಕೊಂಡರು. "ಮನಿಗಿ ಬಂದು ಆಕಿನ್ನ ಕೇಳಿದ್ನಿ, ಯಾಕ ಎದ್ದಿ ಅಂತ. ಏನಂದ್ಳು ಗೊತ್ತೇನ್ರಿ? ‘ಅಪ್ಪಾ, ನಂದ ತಪ್ಪು. ಮಬ್ಬಿನಾಗ ಎದ್ನಿ’ ಅಂದ್ಳು."

ನಾನು ಟ್ರಂಕಿನ ಕಡೆ ತಿರುಗಿ ನೋಡಿದೆ.

"ಟೀಚರ, ನಾನೂ ಅಲ್ಲೇ ನಿಂತಿದ್ನೆಲ್ರಿ. ನನಗ ಕನ್ನಡ ಬರ್ತದ. ಅಷ್ಟು ಮಂದ್ಯಾಗ ನೀವು ಅಂದದ್ದಕ್ಕ ಎದ್ದೇಳು ಅಂತನೂ ಅರ್ಥ ಅದ ಅಂತ ತಿಳದದ್ದು ಮೂರೇ ಮಂದಿಗಿ. ನಿಮಗ, ಆಕಿಗಿ, ನನಗ. ದಿನಾ ಮುಂಜಾನೆ ಅವರವ್ವ ಅದನ್ನ ಅಂತಾಳ, ಏಳು, ಏಳು ಅಂತ. ಮತ್ತ ಆಕಿ ಏನ್ ಮಾಡ್ಬೇಕಿತ್ತು?"

ಟ್ರಂಕಿನ ಹತ್ತಿರ ಬಟ್ಟೆ ಮಡಚುವ ಸದ್ದು ನಿಂತಿತು.

"ನನ್ನ ಮಗಳು ಈತನಕ ನನ್ನ ಮುಂದ ಒಂದು ಸುಳ್ಳ ಹೇಳಿದಾಕಿ ಅಲ್ಲ. ನಿಮ್ಮ ಸಲುವಾಗಿ ಹೇಳಿದ್ಳು. ಆಟ ಕಲಸ್ರಿ ಅಂತ ಕಳಸಿದ್ರ ಇದನ್ನ ಕಲ್ತು ಬಂದ್ಳು. ಮತ್ತ ಹೆಂಗ ಕಳಸ್ಲಿ ಹೇಳ್ರಿ? ಸೋಮವಾರ ಊರಿಗಿ ಹೊಂಟೀವಿ. ಟಿಕೀಟ ಆಗ್ಯಾವ."

ಅವರ ಸ್ವರದಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ನನಗೆ ನಾಚಿಕೆ ಹೆಚ್ಚಾಯಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ನಾನು ಆಡಿದ ಮಾತಿಗಿಂತ ಆಡದೆ ಉಳಿಸಿಕೊಂಡ ಮಾತು ನನ್ನನ್ನು ತಿನ್ನುತ್ತಿತ್ತು. ಚಹಾ ಹಾಗೇ ಬಿಟ್ಟು ಎದ್ದೆ. ಬಾಗಿಲಲ್ಲಿ ನಿಂತು, "ಭಾನುವಾರ ಬಹುಮಾನ ಕೊಡ್ತಾರೆ. ಅವಳಿಗೂ ಒಂದು ಉಂಟು. ಅದೊಂದಕ್ಕೆ ಬನ್ನಿ" ಎಂದೆ.

ಭಾನುವಾರ ಮೈದಾನದಲ್ಲಿ ಬಾಡಿಗೆ ಕುರ್ಚಿ, ಬಣ್ಣದ ಕಾಗದದ ತೋರಣ. ನಾನಾ ಭಾಷಣ ಮಾಡಿದರು. ಆರಿಸಿದ ಹನ್ನೆರಡು ಹುಡುಗಿಯರಿಗೆ ನಾಳೆಯಿಂದಲೇ ಬೆಳಗಿನ ಅಭ್ಯಾಸ, ವರ್ಷವಿಡೀ ನಡೆಯುತ್ತದೆ ಎಂದರು. ಹೆಸರು ಓದುವಾಗ ಹನ್ನೊಂದಕ್ಕೆ ನಿಲ್ಲಿಸಿದರು. ಕಸ್ತೂರಿ ಊರಿಗೆ ಹೋಗುತ್ತಾಳೆಂದು ನಾನೇ ಹೇಳಿದ್ದೆ. ಅವಳು ಕೊನೆಯ ಸಾಲಿನಲ್ಲಿ ಉದ್ದ ಲಂಗ ತೊಟ್ಟು ತಾಯಿಯ ಪಕ್ಕ ಕೂತಿದ್ದಳು. ಮಲ್ಲಪ್ಪ ಗೇಟಿನ ಹತ್ತಿರ, ಕಾರ್ಖಾನೆಯ ಬಟ್ಟೆಯಲ್ಲೇ.

ನನಗೆ ಎರಡು ನಿಮಿಷ ಬೇಕು ಎಂದು ನಾನಾ ಅವರನ್ನು ಕೇಳಿದೆ. ಆಭಾರ ಮನ್ನಣೆ ಎಂದುಕೊಂಡು ಮೈಕು ಬಿಟ್ಟುಕೊಟ್ಟರು.

ಹರಕು ಮರಾಠಿಯಲ್ಲೇ ಎಲ್ಲ ಹೇಳಿದೆ. ಕನ್ನಡದಲ್ಲಿ ‘ಏಳು’ ಎಂದರೆ ಸಾತ. ‘ಏಳು’ ಎಂದರೆ ಉಠ ಕೂಡ. ಅಂದು ನಾನು ಕೂಗಿದ್ದು ಅದೇ ಮಾತು. ಮೈದಾನದಲ್ಲಿ ಮರಾಠಿ ಮಾತ್ರ ಎಂಬ ನಿಯಮ ಮುರಿದವಳು ನಾನು. ಮಗು ಟೀಚರ್ ಹೇಳಿದ್ದನ್ನು ಕೇಳಿ ಎದ್ದಿತು. ಗೊತ್ತಿದ್ದೂ ನಾನು ತಪ್ಪನ್ನು ಅದರ ತಲೆಗೆ ಕಟ್ಟಿದೆ, ಅದು ನನಗೋಸ್ಕರ ಹೊತ್ತುಕೊಂಡಿತು. ಕೊನೆಗೆ ಕೈ ಮುಗಿದು, "ಕಸ್ತೂರಿ, ತಪ್ಪು ನನ್ನದು" ಎಂದು ಕನ್ನಡದಲ್ಲೇ ಹೇಳಿದೆ. ಆ ಒಂದು ಮಾತು ಮರಾಠಿಯಲ್ಲಿ ಬರಲಿಲ್ಲ.

ಯಾರೂ ಚಪ್ಪಾಳೆ ತಟ್ಟಲಿಲ್ಲ. ತೋರಣದ ಕಾಗದ ಗಾಳಿಗೆ ಪಟಪಟ ಎನ್ನುತ್ತಿತ್ತು. ಕೆಲಸ ಹೋಯಿತು ಎಂದುಕೊಂಡೆ. ನಾನಾ ಎದ್ದು ಮೈಕಿನ ಹತ್ತಿರ ಬಂದರು, ಮೀಸೆ ಸವರಿದರು. ಬಾಈ, ಮರಾಠಿಯಲ್ಲಿ ಏಳಕ್ಕೆ ಸಾತ ಎನ್ನುತ್ತಾರೆ, ಬಹಳ ಚಿಕ್ಕ ಶಬ್ದ, ಕಲಿಯಲು ಕಷ್ಟವಿಲ್ಲ ಎಂದರು. ಸುಲಭಾ ಮೊದಲು ನಕ್ಕಳು, ಆಮೇಲೆ ಎಲ್ಲರೂ. ನಾನು ನಗಲಿಲ್ಲ. ಕೊನೆಯ ಸಾಲಿನಲ್ಲಿ ಕಸ್ತೂರಿ ತಾಯಿಯ ಮಡಿಲಲ್ಲಿ ಮುಖ ಹುದುಗಿಸಿ ಅಳುತ್ತಿದ್ದಳು.

ಬಹುಮಾನ ಮುಗಿದು ಜನ ಕರಗಿದರು. ನಾನು ಕುರ್ಚಿ ಎಣಿಸುವ ನೆಪದಲ್ಲಿ ತಲೆ ತಗ್ಗಿಸಿಕೊಂಡು ನಿಂತಿದ್ದೆ. ಮಲ್ಲಪ್ಪ ನಡೆದು ಬಂದು ನನ್ನ ಎದುರಿಗೆ ನಿಂತರು. ಮಗಳಿಗೆ ಸಿಕ್ಕ ಸಣ್ಣ ಕಪ್ಪು ಅವರ ಕೈಯಲ್ಲಿತ್ತು. ಅದನ್ನು ಅತ್ತಿತ್ತ ತಿರುಗಿಸಿದರು, ಕೆಮ್ಮಿದರು.

"ಟೀಚರ, ನಾಳಿ ಮುಂಜಾನೆ ಆಕಿನ್ನ ಎಷ್ಟಕ್ಕ ಎಬ್ಬಸ್ಬೇಕ್ರಿ?"

ನಾನು ಕೈ ಎತ್ತಿ ಐದು ಬೆರಳು ತೋರಿಸಿದೆ.